ಬೆಲ್ಲದ ಕಾಫಿ, ಥೈರಾಯ್ಡ್ ಮಾತ್ರೆ ಮತ್ತು ಇಳಿಯದ ತೂಕ

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮೂರು ವರ್ಷದ ಹಿಂದೆ ಸುಸ್ತು, ಕೂದಲು ಉದುರುವುದು, ಯಾವಾಗಲೂ ಚಳಿ ಅಂತ ತೋರಿಸಿದಾಗ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 38 ಇತ್ತು. ಥೈರಾಯ್ಡ್ ಕಮ್ಮಿ ಅಂತ 75 ಮೈಕ್ರೋಗ್ರಾಂ ಮಾತ್ರೆ ಕೊಟ್ಟರು. ಮೊದಲ ವರ್ಷ 3.2ಕ್ಕೆ ಇಳಿಯಿತು, ಈಗ ಮತ್ತೆ 11.4 ಆಗಿದೆ. ತೂಕ 62 ಕೆ.ಜಿ. ಇದ್ದದ್ದು 74 ಆಗಿದೆ. ಎತ್ತರ 5 ಅಡಿ 2 ಇಂಚು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಮೊದಲು ನೀರಲ್ಲಿ ನುಂಗುತ್ತಿದ್ದೆ. ಒಂದು ಕೊಯ್ಲಿನ ಗಡಿಬಿಡಿಯಲ್ಲಿ ಬೆಳಿಗ್ಗೆ ಐದೂವರೆಯ ಬೆಲ್ಲದ ಕಾಫಿ ಜೊತೆಗೇ ನುಂಗುವುದು ರೂಢಿಯಾಯಿತು. ರಕ್ತ ಕಮ್ಮಿ ಅಂತ ಕಳೆದ ವರ್ಷದಿಂದ ಎಂಟು ಗಂಟೆ ತಿಂಡಿಯ ಜೊತೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಎರಡೂ ತಗೋತೀನಿ. ಕೋಸು, ಕಣಿಲೆ (ಬಿದಿರಿನ ಮೊಳಕೆ) ಬಿಟ್ಟಿದ್ದೇನೆ. ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣ ತಂದಿದ್ದೇನೆ. ನಾದಿನಿ ಬೆಂಗಳೂರಲ್ಲಿ ಗಾರ್ಸಿನಿಯಾ ಕ್ಯಾಪ್ಸೂಲ್ ತಗೊಂಡು ಸಣ್ಣಗಾಗಿದ್ದಾಳೆ. ಪರಿಚಯದವರೊಬ್ಬರು ಥೈರಾಯ್ಡ್ ಮಾತ್ರೆಯನ್ನೇ ಎರಡರಷ್ಟು ಮಾಡಿಕೊಂಡು ತೂಕ ಇಳಿಸಿದರಂತೆ. ನಾನೂ 150 ತಗೊಳ್ಳಬಹುದಾ? ಅತ್ತೆಗೆ ಈ ಮಾತ್ರೆಯೇ ಇಷ್ಟವಿಲ್ಲ. ಚಟ ಆಗುತ್ತೆ, ನಿಲ್ಲಿಸು ಅಂತಾರೆ. ಯಜಮಾನರು ಊಟ ಕಮ್ಮಿ ಮಾಡು ಅಂತ ಒಂದೇ ಮಾತು ಹೇಳ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದ ಹಾಗೆ ನನ್ನ ಕಣ್ಣು ನಿಂತದ್ದು 74 ಕೆ.ಜಿ. ಮೇಲಲ್ಲ, ಐದೂವರೆಯ ಆ ಕಾಫಿ ಲೋಟದ ಮೇಲೆ. ಕೊಡಗಿನಲ್ಲಿ ಥೈರಾಯ್ಡ್ ರೋಗಿಗಳನ್ನು ನೋಡುವಾಗ ನಾನು ರಿಪೋರ್ಟ್ ಬಿಡಿಸುವ ಮೊದಲು ಕೇಳುವುದು ಇದೊಂದನ್ನೇ: "ಮಾತ್ರೆ ಯಾವುದರಲ್ಲಿ ನುಂಗುತ್ತೀರಿ?" ಹೆಚ್ಚಿನವರು ನಕ್ಕುಬಿಡುತ್ತಾರೆ. ನೀರಲ್ಲಿ ಅನ್ನುತ್ತಾರೆ. "ಆಮೇಲೆ ಕಾಫಿ ಎಷ್ಟು ಹೊತ್ತಿಗೆ?" ಅಂದರೆ "ಅದು ಒಲೆ ಮೇಲೆ ರೆಡಿ ಇರುತ್ತಲ್ವಾ ಡಾಕ್ಟ್ರೇ" ಅನ್ನುತ್ತಾರೆ.

ನಿಮ್ಮ ಚಿಂತೆಯಲ್ಲಿ ಎರಡು ಬೇರೆ ಬೇರೆ ವಿಷಯ ಕಲೆತಿವೆ. ಮಾತ್ರೆ ನುಂಗುತ್ತಿದ್ದರೂ ಟಿಎಸ್‌ಎಚ್ ಯಾಕೆ ಏರಿತು ಅನ್ನುವುದು ಒಂದು. 12 ಕೆ.ಜಿ. ಎಲ್ಲಿಂದ ಬಂತು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಎರಡನೆಯದಕ್ಕೆ ಸ್ವಲ್ಪ ಮಾತ್ರ ಇದೆ.

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅದನ್ನು ಕಳಿಸುತ್ತದೆ. ತೋಟದ ಮೇಸ್ತ್ರಿ ಕೂಗಿ ಕರೆದ ಹಾಗೆ ಅಂತ ಇಟ್ಟುಕೊಳ್ಳಿ. ಆಳುಗಳು ಬಂದರೆ ಮೇಸ್ತ್ರಿ ಸುಮ್ಮನಿರುತ್ತಾನೆ, ಬರದಿದ್ದರೆ ದನಿ ಏರಿಸುತ್ತಾನೆ. 38 ಅಂದರೆ ದೊಡ್ಡ ಕೂಗು. 3.2 ಅಂದರೆ ಕೆಲಸ ನಡೆಯುತ್ತಿದೆ. 11.4 ಅಂದರೆ ಆಳುಗಳು ಮತ್ತೆ ಕಮ್ಮಿಯಾಗಿದ್ದಾರೆ. ನಿಮ್ಮ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ಆ ಆಳುಗಳ ಬದಲಿ. ಅದು ಹೊಟ್ಟೆಗೆ ಬಿದ್ದರೆ ಸಾಲದು, ಕರುಳಿನಿಂದ ರಕ್ತಕ್ಕೆ ಸೇರಬೇಕು.

ಅಲ್ಲಿಯೇ ಕಾಫಿ ಅಡ್ಡ ಬರುತ್ತದೆ. ಮಾತ್ರೆಯ ಜೊತೆ ಅಥವಾ ಅದರ ಬೆನ್ನಿಗೇ ಕಾಫಿ ಕುಡಿದರೆ ಔಷಧ ಪೂರ್ತಿ ಹೀರಿಕೆಯಾಗುವುದಿಲ್ಲ. ಇದನ್ನು 2008ರಲ್ಲಿ ಇಟಲಿಯ ವೈದ್ಯರು ತಮ್ಮ ರೋಗಿಗಳಲ್ಲಿ ಅಳೆದು ತೋರಿಸಿದರು. ಅಲ್ಲಿಯವರಿಗೂ ಬೆಳಗಿನ ಕಾಫಿ ಬಿಡಲಾಗದ ಸಂಗತಿ, ನಮ್ಮ ಹಾಗೇ. "ಹಾಲು ಹಾಕಿಲ್ಲ, ಬರೀ ಕಪ್ಪು ಕಾಫಿ" ಅಂತ ನೀವು ಹೇಳಬಹುದು. ಕಪ್ಪು ಕಾಫಿಯೂ ಅದನ್ನೇ ಮಾಡುತ್ತದೆ. 75 ಮೈಕ್ರೋಗ್ರಾಂ ಅಂದರೆ ಒಂದು ಗ್ರಾಂನ ಹತ್ತು ಲಕ್ಷ ಪಾಲಿನಲ್ಲಿ 75 ಪಾಲು. ಅಷ್ಟು ಚಿಕ್ಕ ಲೆಕ್ಕದಲ್ಲಿ ದಿನಾ ಸ್ವಲ್ಪ ಸ್ವಲ್ಪ ಸೋರಿದರೂ ಟಿಎಸ್‌ಎಚ್‌ನಲ್ಲಿ ಕಾಣಿಸುತ್ತದೆ.

ಕಬ್ಬಿಣ, ಕ್ಯಾಲ್ಸಿಯಂ ಇನ್ನೂ ಜೋರು. ಅವು ಈ ಔಷಧವನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಕನಿಷ್ಠ 4 ಗಂಟೆ ಅಂತರ ಬೇಕು. ನಿಮ್ಮದು ಎರಡೂವರೆ ಗಂಟೆ. ಎದೆ ಉರಿಗೆ ಕುಡಿಯುವ ಗುಲಾಬಿ ಬಣ್ಣದ ಔಷಧವೂ ಇದೇ ಸಾಲಿಗೆ ಸೇರುತ್ತದೆ. ಪತ್ರದಲ್ಲಿ ಬರೆದಿಲ್ಲ, ಇದ್ದರೆ ಅದನ್ನೂ ದೂರ ಇಡಿ.

ಇನ್ನೊಂದು ನಮ್ಮ ಜಿಲ್ಲೆಯ ತಾಪತ್ರಯ ಇದೆ, ಪುಸ್ತಕಗಳಲ್ಲಿ ಸಿಗುವುದಿಲ್ಲ. ಒಂದು ಸಲ ಜುಲೈ ತಿಂಗಳಲ್ಲಿ ಒಬ್ಬ ಹೆಂಗಸು ಮಾತ್ರೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಅರ್ಧ ಮಾತ್ರೆಗಳ ಅಂಚು ಪುಡಿಯಾಗಿತ್ತು. ಕೆಲವು ಒಂದಕ್ಕೊಂದು ಅಂಟಿದ್ದವು. ಮಳೆಗೆ ಒದ್ದೆಯಾಗದಿರಲಿ ಅಂತ ಬಾಟಲಿಯಿಂದ ತೆಗೆದು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದರಂತೆ. ಬಟ್ಟೆಗೆ, ಬೆಂಕಿಪೊಟ್ಟಣಕ್ಕೆ ಅದು ಸರಿಯಾದ ಜಾಗ. ಲೆವೊಥೈರಾಕ್ಸಿನ್‌ಗೆ ಶಾಖ, ಬೆಳಕು, ತೇವ ಮೂರೂ ಆಗುವುದಿಲ್ಲ. ಅದು ಬಂದ ಬಾಟಲಿಯಲ್ಲೇ, ಮುಚ್ಚಳ ಬಿಗಿ ಮಾಡಿ, ಮಲಗುವ ಕೋಣೆಯ ಕಪಾಟಿನಲ್ಲಿಡಿ. ಒಳಗಿರುವ ತೇವ ಹೀರುವ ಸಣ್ಣ ಪೊಟ್ಟಣವನ್ನು ಎಸೆಯಬೇಡಿ.

ಈಗ ಪ್ರಮಾಣದ ಮಾತು. ಯಾರೋ 150 ತಗೊಂಡು ಸಣ್ಣಗಾದರು ಅಂದಿರಿ. ಆಗಿರಬಹುದು, ಸುಳ್ಳಲ್ಲ. ಹಾರ್ಮೋನ್ ಜಾಸ್ತಿಯಾದರೆ ತೂಕ ಇಳಿಯುತ್ತದೆ. ಆದರೆ ಇಳಿಯುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಕರಗುತ್ತದೆ. ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯದ ಬಡಿತದ ತಾಳ ತಪ್ಪಬಹುದು, ಅದರಿಂದ ಪಾರ್ಶ್ವವಾಯುವಿನ ಅಪಾಯ. ಮೂಳೆ ಸವೆಯುತ್ತದೆ, ಅದೂ ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಾಗ. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದವರಿಗೂ ನಾವು ಕೊಡುವುದು ಕೆ.ಜಿ.ಗೆ 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ. ನಿಮ್ಮ ತೂಕಕ್ಕೆ ಅದು 120ರ ಆಸುಪಾಸು. 150 ಅನ್ನುವುದು ನಿಮಗೆ ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಒಂದಿದೆ. 11.4 ನೋಡಿದ ಡಾಕ್ಟರು, ಕಾಫಿ ವಿಷಯ ಗೊತ್ತಿಲ್ಲದೆ, ಒಳ್ಳೆಯ ಮನಸ್ಸಿನಿಂದಲೇ ಪ್ರಮಾಣ ಏರಿಸಬಹುದು. ನೀವು ಅದೇ ತಿಂಗಳು ಕಾಫಿಯನ್ನು ದೂರ ಇಟ್ಟರೆ ಔಷಧ ಒಮ್ಮೆಲೇ ಪೂರ್ತಿ ಹೀರಿಕೆಯಾಗಲು ಶುರುವಾಗುತ್ತದೆ, ಪ್ರಮಾಣ ಜಾಸ್ತಿಯಾಗುತ್ತದೆ. ಹಾಗಾಗಿ ಡಾಕ್ಟರಿಗೆ ಕಾಫಿ, ಕಬ್ಬಿಣ, ಕ್ಯಾಲ್ಸಿಯಂ ಮೂರನ್ನೂ ಹೊತ್ತಿನ ಸಮೇತ ಹೇಳಿ. ಹೇಳಿದರೆ ಅವರೂ ಬಹುಶಃ ಇದೇ 75ರಲ್ಲಿ ಮೊದಲು ಅಂತರ ಸರಿಮಾಡಿ ನೋಡೋಣ ಅನ್ನುತ್ತಾರೆ. ನೀವು ಬಸುರಿಯಾಗಿದ್ದರೆ ಅಥವಾ ಮಗುವಿನ ಯೋಚನೆ ಇದ್ದರೆ ಮಾತ್ರ ಕಾಯುವ ಹಾಗಿಲ್ಲ, ಕೂಡಲೇ ಹೋಗಬೇಕು.

ಅಂತರ ಹೇಗೆ ಇಡುವುದು? ಐದೂವರೆಗೆ ನೀರಲ್ಲಿ ಮಾತ್ರೆ, ಆರೂವರೆಗೆ ಕಾಫಿ. ಹೇಳುವುದು ಸುಲಭ. ಮನೆಯವರಿಗೆಲ್ಲ ಕಾಫಿ ಸೋಸುತ್ತಾ ತಾನೊಬ್ಬಳು ಒಂದು ಗಂಟೆ ಕಾಯುವುದು ಎಷ್ಟು ಜನರಿಂದ ಆಗುತ್ತದೆ? ನನ್ನ ಅನುಭವದಲ್ಲಿ ಎರಡು ವಾರ ನಡೆಯುತ್ತದೆ, ಮೂರನೇ ವಾರ ಮುರಿಯುತ್ತದೆ. ಅದಕ್ಕೇ ನಾನು ಬೇರೆ ದಾರಿ ಹೇಳುತ್ತೇನೆ. ಮಂಚದ ಪಕ್ಕ ಒಂದು ಲೋಟ ನೀರು, ಒಂದೇ ಒಂದು ಮಾತ್ರೆ ಇಟ್ಟು ಮಲಗಿ. ಬೆಳಗಿನ ಜಾವ ನಾಲ್ಕು, ನಾಲ್ಕೂವರೆಗೆ ಒಮ್ಮೆ ಎಚ್ಚರವಾಗುತ್ತದಲ್ವಾ? ಆಗ ನುಂಗಿ ಮತ್ತೆ ಹೊದ್ದು ಮಲಗಿ. ಏಳುವ ಹೊತ್ತಿಗೆ ಒಂದು ಗಂಟೆ ಆಗಿರುತ್ತದೆ. ಇಲ್ಲವಾದರೆ ರಾತ್ರಿ ಮಲಗುವಾಗ ತಗೊಳ್ಳಬಹುದು, ಆದರೆ ಊಟವಾಗಿ 3 ಗಂಟೆ ಕಳೆದಿರಬೇಕು. ಎಂಟೂವರೆಗೆ ಉಂಡು ಹತ್ತಕ್ಕೆ ಮಲಗುವ ಮನೆಗೆ ಅದು ಹೊಂದುವುದಿಲ್ಲ.

ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನಕ್ಕೆ ಸರಿಸಿ, ನಿಂಬೆ ಹಣ್ಣಿನ ಪಾನಕದ ಜೊತೆ ಆದರೆ ಇನ್ನೂ ಒಳ್ಳೆಯದು. ಅದಕ್ಕೂ ಕಾಫಿ, ಚಹಾ ವೈರಿಗಳೇ. ಥೈರಾಯ್ಡ್ ಮಾತ್ರೆ ಬೆಳಗಿನ ಜಾವವೇ ಆದರೆ ಕ್ಯಾಲ್ಸಿಯಂ ರಾತ್ರಿ ಊಟಕ್ಕೆ. ಅಂದ ಹಾಗೆ ರಕ್ತ ಕಮ್ಮಿಯಾದದ್ದು ಯಾಕೆ ಅಂತ ಯಾರಾದರೂ ಕೇಳಿದರಾ? ಥೈರಾಯ್ಡ್ ಕಮ್ಮಿ ಇದ್ದರೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವುದುಂಟು. ಹಾಗಿದ್ದರೆ ಎರಡೂ ಒಂದೇ ಗಂಟಿನ ಎರಡು ತುದಿ.

ಅತ್ತೆಯವರ ಚಟದ ಮಾತಿಗೆ ಸಿಟ್ಟಾಗಬೇಡಿ. ಸಾಯುವ ತನಕ ಮಾತ್ರೆ ಅಂದರೆ ಯಾರಿಗೂ ಕಸಿವಿಸಿಯೇ. ಆದರೆ ಅವರನ್ನು ಒಂದು ಕೇಳಿ ನೋಡಿ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಅದನ್ನು ಗಿಡಕ್ಕೆ ಹತ್ತಿದ ಚಟ ಅನ್ನುತ್ತೇವಾ? ನಮ್ಮಲ್ಲಿ ದೊಡ್ಡವರಿಗೆ ಈ ಕಾಯಿಲೆ ಬರುವುದು ಹೆಚ್ಚಾಗಿ ಹಶಿಮೋಟೊ ಅನ್ನುವ ಕಾರಣದಿಂದ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಥೈರಾಯ್ಡ್ ಮೇಲೆ ತಿರುಗಿಬೀಳುತ್ತದೆ, ಗ್ರಂಥಿ ನಿಧಾನಕ್ಕೆ ಸೋಲುತ್ತದೆ. ಅದು ಮಾಡಬೇಕಿದ್ದ ಹಾರ್ಮೋನನ್ನೇ ನಾವು ಹೊರಗಿನಿಂದ ಕೊಡುತ್ತೇವೆ. ಮಾತ್ರೆ ನಿಲ್ಲಿಸಿದರೆ ಮೊದಲ ವಾರ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಇದರ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 7 ದಿನ ಬೇಕು. "ನೋಡಿ, ನಿಲ್ಲಿಸಿದೆ, ಆರಾಮಾಗಿದ್ದೇನೆ" ಅಂತ ಜನ ಮೋಸ ಹೋಗುವುದು ಇಲ್ಲೇ. ತಿಂಗಳೆರಡು ತಿಂಗಳಲ್ಲಿ ಮುಖ ಊದುತ್ತದೆ, ಮಲಬದ್ಧತೆ, ಮಂಪರು ಎಲ್ಲ ವಾಪಸು.

ಉಪ್ಪಿನ ವಿಷಯದಲ್ಲಿ ನೀವು ಹಿಂದಕ್ಕೆ ಹೋಗಿದ್ದೀರಿ. ಜಾಸ್ತಿ ಮಳೆ ಬೀಳುವ ಗುಡ್ಡಗಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದು ಹೋಗುತ್ತದೆ, ಅಲ್ಲಿ ಬೆಳೆದ ತರಕಾರಿಯಲ್ಲೂ ಅದು ಕಮ್ಮಿ. ಹಿಂದೆ ಇಂಥ ಕಡೆ ಗಳಗಂಡ ಕಾಣುತ್ತಿದ್ದದ್ದು ಇದಕ್ಕೇ. ಸರ್ಕಾರ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದ್ದು, 2006ರಲ್ಲಿ ಊಟಕ್ಕೆ ಬಳಸುವ ಉಪ್ಪಿಗೆ ಅಯೋಡಿನ್ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಸೈಂಧವ ಲವಣದಲ್ಲಿ, ಬೇರೆಯಾಗಿ ಸೇರಿಸದಿದ್ದರೆ, ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರ ಪಾಲಿನದ್ದನ್ನೂ ನೀವು ಕಿತ್ತುಕೊಂಡ ಹಾಗಾಯಿತು. ಹಾಗಂತ ಅಯೋಡಿನ್ ಹಾಕಿದ ಉಪ್ಪು ನಿಮ್ಮ ಕಾಯಿಲೆ ವಾಸಿ ಮಾಡುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಅಯೋಡಿನ್ ಹನಿ, ಸಮುದ್ರ ಪಾಚಿಯ ಮಾತ್ರೆ ತಗೊಂಡರೆ ಹಶಿಮೋಟೊ ಇರುವವರಿಗೆ ಕೆಡುವುದೂ ಉಂಟು. ಸಾಮಾನ್ಯ ಅಯೋಡಿನ್ ಉಪ್ಪು, ಮಿತವಾಗಿ. ಅಷ್ಟೇ.

ಕೋಸು ಬಿಡಬೇಕಾಗಿರಲಿಲ್ಲ. ಹಸಿ ಕೋಸಿನ ರಸವನ್ನು ದಿನಾ ಲೋಟಗಟ್ಟಲೆ ಕುಡಿದರೆ ಬೇರೆ ಮಾತು. ಬೇಯಿಸಿದ ಪಲ್ಯದಿಂದ ಏನೂ ಆಗದು. ಕಣಿಲೆ, ಅಂದರೆ ನಮ್ಮ ಬೈಂಬಳೆ, ಸ್ವಲ್ಪ ಬೇರೆ. ಹಸಿ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇದೆ. ದೇಹ ಅದನ್ನು ಥಯೋಸಯನೇಟ್ ಮಾಡುತ್ತದೆ, ಅದು ಥೈರಾಯ್ಡ್‌ಗೆ ಅಯೋಡಿನ್ ಸಿಗದ ಹಾಗೆ ಅಡ್ಡ ನಿಲ್ಲುತ್ತದೆ. ಆದರೆ ನಮ್ಮ ಹಿರಿಯರು ಅದನ್ನು ಹಾಗೇ ತಿನ್ನುತ್ತಿದ್ದರಾ? ಹೆಚ್ಚಿ, ನೀರಲ್ಲಿ ನೆನೆಹಾಕಿ, ನೀರು ಬದಲಿಸಿ, ಬೇಯಿಸಿ, ಆ ನೀರನ್ನೂ ಚೆಲ್ಲಿ ಆಮೇಲೆ ಸಾರು. ಹಾಗೆ ಮಾಡಿದ ಬೈಂಬಳೆ ಸಾರನ್ನು ಮಳೆಗಾಲದಲ್ಲಿ ನಾಲ್ಕು ಸಲ ಉಂಡರೆ ನಾನು ಬೇಡ ಅನ್ನುವುದಿಲ್ಲ.

ಗಾರ್ಸಿನಿಯಾ ಕ್ಯಾಪ್ಸೂಲ್ ಹೆಸರು ಕೇಳಿ ನನಗೆ ನಗು ಬಂತು. ಅದು ಯಾವುದರಿಂದ ಆಗುತ್ತದೆ ಗೊತ್ತಾ? ನಿಮ್ಮ ಅಡುಗೆಮನೆಯ ಕಾಚಂಪುಳಿ ಬಾಟಲಿ ತೆಗೆದು ನೋಡಿ. ಅದೇ ಹಣ್ಣು. ಬೇರೆ ಕಡೆ ಉಪ್ಪಾಗೆ ಅನ್ನುತ್ತಾರೆ. ಪಂದಿ ಕರಿಗೆ ಕಪ್ಪು ಬಣ್ಣ, ಹುಳಿ ಕೊಡುವ ಹಣ್ಣಿನ ಸಿಪ್ಪೆಯಿಂದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೆಗೆದು ಕ್ಯಾಪ್ಸೂಲಿಗೆ ತುಂಬಿ ನಮಗೇ ವಾಪಸು ಮಾರುತ್ತಾರೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ತೂಕ ಇಳಿದದ್ದು ಇಲ್ಲವೆನ್ನುವಷ್ಟು ಕಮ್ಮಿ. ಇನ್ನೊಂದು ಕಡೆ, ಇಂಥ ಪೂರಕಗಳನ್ನು ತಗೊಂಡವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಕರಿಗೆ ಒಂದೆರಡು ಚಮಚ ಕಾಚಂಪುಳಿ ಹಾಕುವುದಕ್ಕೂ ಅದರ ಸಾರ ತೆಗೆದು ದಿನಾ ಮೂರು ಹೊತ್ತು ನುಂಗುವುದಕ್ಕೂ ವ್ಯತ್ಯಾಸ ಇದೆ. ಕ್ಯಾಪ್ಸೂಲ್ ಬೇಡ. ಕರಿಯಲ್ಲಿ ಇರಲಿ.

ಇನ್ನು 12 ಕೆ.ಜಿ. ಇಲ್ಲಿ ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಥೈರಾಯ್ಡ್ ಕಮ್ಮಿಯಾದರೆ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ. ಅದರಲ್ಲೂ ಹೆಚ್ಚಿನದು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ಟಿಎಸ್‌ಎಚ್ ಸರಿಹೋದರೆ ಅಷ್ಟು ಇಳಿಯಬಹುದು. ಮಿಕ್ಕಿದ 7ರಿಂದ 10 ಕೆ.ಜಿ. ಥೈರಾಯ್ಡ್ ಹೆಸರಲ್ಲಿ ಬಂದು ಕೂತ ಬೇರೆ ತೂಕ. ಅದನ್ನು ಯಾವ ಮಾತ್ರೆಯೂ ತಾನಾಗಿ ಇಳಿಸುವುದಿಲ್ಲ. ಆದರೆ ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಸುಸ್ತು ಬಂದಾಗ ಓಡಾಟ ಕಮ್ಮಿಯಾಗುತ್ತದೆ, 40 ದಾಟಿದ ಮೇಲೆ ಮಾಂಸಖಂಡ ಕಮ್ಮಿಯಾಗುತ್ತದೆ, ಊಟ ಮಾತ್ರ ಹಿಂದಿನಷ್ಟೇ ಇರುತ್ತದೆ. ಯಜಮಾನರ "ಊಟ ಕಮ್ಮಿ ಮಾಡು" ಅರ್ಧ ಸರಿ. ಯಾವುದನ್ನು ಅಂತ ಅವರು ಹೇಳಲಿಲ್ಲ.

ನಾನು ಮೊದಲು ಕೈ ಹಾಕುವುದು ಮತ್ತೆ ಆ ಕಾಫಿಗೇ. ದಿನಕ್ಕೆ ಎಷ್ಟು ಲೋಟ? ಕೆಲಸದವರ ಜೊತೆ, ನೆಂಟರ ಜೊತೆ ಸೇರಿಸಿ ಆರು ಅಂತ ಇಟ್ಟುಕೊಳ್ಳಿ. ಲೋಟಕ್ಕೆ ಎರಡು ಚಮಚ ಬೆಲ್ಲ ಅಂದರೆ ದಿನಕ್ಕೆ ಸುಮಾರು 60 ಗ್ರಾಂ, 230 ಕ್ಯಾಲರಿ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅನ್ನುವ ಸಮಾಧಾನ ತೂಕದ ಲೆಕ್ಕಕ್ಕೆ ಬರುವುದಿಲ್ಲ. ಬೆಳಗಿನ ಒಂದು ಲೋಟಕ್ಕೆ ಬೆಲ್ಲ ಇರಲಿ, ಮಿಕ್ಕಿದ್ದು ಸಪ್ಪೆ ಕುಡಿದು ನೋಡಿ. ಎರಡು ವಾರ ನಾಲಿಗೆ ಜಗಳ ಮಾಡುತ್ತದೆ, ಆಮೇಲೆ ಒಗ್ಗುತ್ತದೆ.

ಎರಡನೆಯದು ಅಕ್ಕಿ. ಬೆಳಿಗ್ಗೆ ರೊಟ್ಟಿ ಅಥವಾ ನೂಲ್‌ಪುಟ್ಟು, ಮಧ್ಯಾಹ್ನ ಅನ್ನ, ಸಂಜೆ ಕಡುಂಬುಟ್ಟು. ಮೂರು ಹೊತ್ತೂ ಅಕ್ಕಿಯೇ. ಬಿಡಬೇಕಾಗಿಲ್ಲ, ತಟ್ಟೆಯಲ್ಲಿ ಅದರ ಜಾಗ ಕಮ್ಮಿಯಾಗಬೇಕು. ಮೂರು ರೊಟ್ಟಿ ಇದ್ದಲ್ಲಿ ಎರಡು, ಜೊತೆಗೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹುರುಳಿ, ಹೆಸರುಕಾಳು. ಮಳೆಗಾಲದಲ್ಲಿ ಕೆಸುವಿನ ಸೊಪ್ಪು, ಅಣಬೆ ಬೇಕಾದಷ್ಟು. ಪಂದಿ ಕರಿ ವಾರಕ್ಕೊಮ್ಮೆ, ಕೊಬ್ಬಿನ ತುಂಡು ಪಕ್ಕಕ್ಕಿಟ್ಟು. ಪುತ್ತರಿ, ಕೈಲ್‌ಪೊಳ್ದ್ ದಿನ ಲೆಕ್ಕ ಹಾಕಬೇಡಿ. ವರ್ಷದ ಹಬ್ಬಗಳಿಂದ ಯಾರೂ 8 ಕೆ.ಜಿ. ಏರುವುದಿಲ್ಲ.

ನಡಿಗೆಯ ಮಾತು ಬಂದಾಗ ನನಗೆ ಕಷ್ಟ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಅನ್ನುವುದು ಎಲ್ಲ ಕಡೆಯ ಸಲಹೆ. ಆದರೆ ಬೆಳಗಿನ ಮಂಜಿನಲ್ಲಿ ವಾಕಿಂಗ್ ಹೋಗಿ ಅಂತ ಸಿದ್ದಾಪುರದ ಕಡೆಯವರಿಗೆ ನಾನು ಹೇಳಲಾರೆ. ರಸ್ತೆ ತಿರುವಿನಲ್ಲಿ ಆನೆ ನಿಂತಿದ್ದರೆ? ಹತ್ತು ಗಂಟೆ ಮೇಲೆ, ತೋಟದಲ್ಲಿ ಕೆಲಸದವರು ಇರುವಾಗ ನಡೆಯಿರಿ. ಕೆಲಸ ನೋಡಿಕೊಂಡು ನಿಂತು ನಿಂತು ಸುತ್ತುವುದು ನಡಿಗೆಯಲ್ಲ. ಉಸಿರು ಸ್ವಲ್ಪ ಏರಬೇಕು, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲು, ನೀರು ತುಂಬಿದ ಎರಡು ಲೀಟರ್ ಬಾಟಲಿ ಎತ್ತುವುದು. ವಾರಕ್ಕೆರಡು ದಿನ ಇಂಥ ಭಾರದ ಕೆಲಸ ಇದ್ದರೆ ಮಾಂಸಖಂಡ ಉಳಿಯುತ್ತದೆ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಈಗ ಸುಮಾರು 30. ಭಾರತೀಯರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ಹೆದರಿಸಲು ಹೇಳುತ್ತಿಲ್ಲ, ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೂರನ್ನೂ ಒಮ್ಮೆ ನೋಡಿಸಿ ಅಂತ. ಥೈರಾಯ್ಡ್ ಕಮ್ಮಿ ಇದ್ದರೆ ಕೊಲೆಸ್ಟ್ರಾಲ್ ತಾನಾಗಿ ಏರುತ್ತದೆ, ಹಾಗಾಗಿ ಅದಕ್ಕೆ ಮಾತ್ರೆ ಶುರು ಮಾಡುವ ಮೊದಲು ಟಿಎಸ್‌ಎಚ್ ಸರಿಹೋಗಲಿ. ಮತ್ತೆ 62 ಆಗಬೇಕು ಅಂತ ಹಟ ಬೇಡ. ಆರು ತಿಂಗಳಲ್ಲಿ 4 ಕೆ.ಜಿ. ಇಳಿದರೂ ಸಕ್ಕರೆ, ಬಿಪಿಯಲ್ಲಿ ಫಲ ಕಾಣುತ್ತದೆ. ಮಂಡಿನೋವಿಗೆ ಅಂತ ಹೆಸರಿಲ್ಲದ ಪುಡಿ, ಗುಳಿಗೆ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಅದು ತೂಕ ಏರಿಸುತ್ತದೆ.

ಇಷ್ಟು ಮಾಡಿಯೂ ತೂಕ ಅಲ್ಲಾಡದಿದ್ದರೆ ಚುಚ್ಚುಮದ್ದಿನ ದಾರಿ ಇದೆ. ತೂಕ ಇಳಿಸಲು ಟಿರ್ಜೆಪಟೈಡ್, ಸೆಮಾಗ್ಲುಟೈಡ್ 2025ರಲ್ಲಿ ನಮ್ಮ ದೇಶಕ್ಕೂ ಬಂದವು. ಹಸಿವು ಕಟ್ಟುತ್ತವೆ, ತೂಕ ನಿಜಕ್ಕೂ ಇಳಿಯುತ್ತದೆ. ಬಂದ ಹೊಸದರಲ್ಲಿ ಖರ್ಚು ಜಾಸ್ತಿ ಇತ್ತು. ವಾಕರಿಕೆ, ವಾಂತಿ ಸಾಮಾನ್ಯ, ನಿಲ್ಲಿಸಿದರೆ ತೂಕದ ದೊಡ್ಡ ಪಾಲು ವಾಪಸು ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಅನ್ನುವ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಇವು ಆಗುವುದಿಲ್ಲ. ಹಶಿಮೋಟೊ ಇರುವುದಕ್ಕೆ ಅಡ್ಡಿಯಿಲ್ಲ. ಆದರೆ ಟಿಎಸ್‌ಎಚ್ 11 ಇರುವಾಗ ಅದರ ಯೋಚನೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಕುತ್ತಿಗೆಯಲ್ಲಿ ಗಂಟು, ನುಂಗಲು ಕಷ್ಟ, ಎದೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. ಇಲ್ಲದಿದ್ದರೆ ಅಂತರ ಸರಿಮಾಡಿದ ದಿನದಿಂದ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿ. ಅದಕ್ಕಿಂತ ಮೊದಲು ಮಾಡಿಸಿದರೆ ದುಡ್ಡು ದಂಡ, ಸಂಖ್ಯೆ ಇನ್ನೂ ನಿಂತಿರುವುದಿಲ್ಲ. ಅಷ್ಟರಲ್ಲಿ ಮಾತ್ರೆಯ ಕಂಪನಿ ಬದಲಿಸಬೇಡಿ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ರಿಪೋರ್ಟನ್ನೇ ಕೆಡಿಸುತ್ತದೆ. ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನೀರಲ್ಲಿ ನುಂಗಿ, ಒಂದು ಗಂಟೆ ಕಾಯಿರಿ. ಲ್ಯಾಬಿನ ಎದುರಿಗೇ ಕ್ಯಾಂಟೀನ್ ಇರುತ್ತದೆ, ಕಾಫಿ ವಾಸನೆ ಬರುತ್ತಿರುತ್ತದೆ. ಹುಷಾರು.